ಫಾಲ್ಗುಣ–ಚೈತ್ರದ ಹಿತ್ತಲು: ದರಗು, ಗುಬ್ಬಿಗೂಡು ಮತ್ತು ನೀರಿನ ಬೋಗುಣಿ

ಮಾಘ ಕಳೆದು ಫಾಲ್ಗುಣ ಕಾಲಿಟ್ಟಿತೆಂದರೆ ಶಿವಮೊಗ್ಗ, ಭದ್ರಾವತಿಗಳ ಹಿತ್ತಲುಗಳಲ್ಲಿ ಎರಡು ಕೆಲಸಗಳು ಒಟ್ಟಿಗೆ ಆರಂಭವಾಗುತ್ತವೆ. ಮರಗಳು ಎಲೆ ಉದುರಿಸುತ್ತವೆ; ಮನೆಯವರು ಅದನ್ನು ಗುಡಿಸಿ ಮೂಲೆಯಲ್ಲಿ ಒಟ್ಟಿ ಬೆಂಕಿ ಇಡುತ್ತಾರೆ. ಸರಿಯಾಗಿ ಇದೇ ವೇಳೆಗೆ ಮಡಿವಾಳ ಹಕ್ಕಿ ನಸುಕಿನಲ್ಲಿ ತಂತಿಯ ಮೇಲೆ ಕುಳಿತು ಸಿಳ್ಳು ಹಾಕತೊಡಗುತ್ತದೆ, ಗುಬ್ಬಿ ಹುಲ್ಲುಕಡ್ಡಿ ಕಚ್ಚಿಕೊಂಡು ಸೂರಿನ ಸಂದು ಹುಡುಕುತ್ತದೆ, ದರ್ಜಿ ಹಕ್ಕಿ ದಾಸವಾಳದ ಎಲೆ ಹೊಲಿಯಲು ಕೂಡುತ್ತದೆ. ನಾವು ಹಿತ್ತಲನ್ನು ‘ಚೊಕ್ಕಟ’ ಮಾಡುವ ಕಾಲವೂ, ಹಿತ್ತಲಿನ ಜೀವಿಗಳು ಸಂಸಾರ ಹೂಡುವ ಕಾಲವೂ ಒಂದೇ ಆಗಿರುವುದರಿಂದ ಪ್ರತಿವರ್ಷ ಆಗುವ ನಷ್ಟ ಸಣ್ಣದಲ್ಲ. ಈ ನಷ್ಟದಲ್ಲಿ ಹಕ್ಕಿಗಳ ಪಾಲಿನಂತೆ ನಿಮ್ಮ ಪಾಲೂ ಉಂಟು.

ಈ ಲೇಖನ ಬರೆಯಲು ಒಂದು ಕಾರಣವಿದೆ. ಕಳೆದ ಬೇಸಗೆಯಲ್ಲಿ ಭದ್ರಾವತಿಯ ನ್ಯೂಟೌನ್ ಕಡೆಯ ಗೃಹಿಣಿಯೊಬ್ಬರು ತರಬೇತಿಯೊಂದರಲ್ಲಿ ಎದ್ದು ನಿಂತು, “ಸಾರ್, ಹಕ್ಕಿಗೆ ನೀರಿಡಿ ಅಂತ ನೀವೇ ಹೇಳ್ತೀರಿ. ನಾನು ಐದು ಕಡೆ ಇಟ್ಟೆ. ಈಗ ಪಕ್ಕದ ಮನೆಯವರು, ನಿಮ್ಮ ಬೋಗುಣಿಯಿಂದಲೇ ನಮ್ಮ ಹುಡುಗನಿಗೆ ಡೆಂಗಿ ಬಂತು ಅಂತ ಮಾತು ಬಿಟ್ಟಿದಾರೆ. ಯಾರು ಸರಿ?” ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದು. ಹಿತ್ತಲಿನ ಬಗ್ಗೆ ನಾವು ಕೊಡುವ ಸಲಹೆಗಳು ಬಹುಮಟ್ಟಿಗೆ ಅರ್ಧಸಲಹೆಗಳು. ‘ಗೂಡು ಕಟ್ಟಿ’, ‘ನೀರಿಡಿ’, ‘ದರಗು ಸುಡಬೇಡಿ’ ಎಂದು ಹೇಳುತ್ತೇವೆ. ಹೇಗೆ, ಎಲ್ಲಿ, ಎಷ್ಟು ದಿನ ಎಂಬುದನ್ನು ಹೇಳುವುದಿಲ್ಲ. ಆ ಉಳಿದರ್ಧವನ್ನು ಇಲ್ಲಿ ಹೇಳಲು ಪ್ರಯತ್ನಿಸಿದ್ದೇನೆ.

ದರಗು ಸುಟ್ಟರೆ ಹೋಗುವುದೇನು?

ಮಾವು, ಹಲಸು, ಹೊಂಗೆ, ಸಂಪಿಗೆ, ತೇಗ ಇವು ನಮ್ಮ ಹಿತ್ತಲುಗಳ ಸಾಮಾನ್ಯ ಮರಗಳು. ಭದ್ರಾವತಿಯ ಹಳೆಯ ಕಾರ್ಖಾನೆ ವಸತಿಗಳಲ್ಲಿ ಮನೆ ಚಿಕ್ಕದಾದರೂ ಅಂಗಳ ದೊಡ್ಡದು. ಒಂದೊಂದು ಮನೆಯವರೂ ಫೆಬ್ರವರಿಯಿಂದ ಏಪ್ರಿಲ್ ತನಕ ದಿನಕ್ಕೊಂದು ಮಂಕರಿ ಎಲೆ ಗುಡಿಸುವುದುಂಟು. ಒಣಗಿ ಉದುರಿದ 100 ಕಿ.ಗ್ರಾಂ ಎಲೆಯಲ್ಲಿ ಸರಿಸುಮಾರು ಒಂದು ಕಿಲೋಗ್ರಾಮಿನಷ್ಟು ಸಾರಜನಕ ಇರುತ್ತದೆ. ಅಂದರೆ ಎರಡು ಕಿಲೋ ಯೂರಿಯಾದಲ್ಲಿರುವಷ್ಟು. ಬೆಂಕಿ ಹಚ್ಚಿದರೆ ಈ ಸಾರಜನಕದ ಬಹುಪಾಲು ಹೊಗೆಯೊಡನೆ ಹೋಗುತ್ತದೆ, ಗಂಧಕವೂ ಹೋಗುತ್ತದೆ. ಬೂದಿಯಲ್ಲಿ ಉಳಿಯುವುದು ಪೊಟ್ಯಾಷ್, ಸುಣ್ಣ ಮತ್ತು ಸ್ವಲ್ಪ ರಂಜಕ. ‘ಬೂದಿ ಒಳ್ಳೆಯ ಗೊಬ್ಬರ’ ಎಂಬ ಹಿರಿಯರ ಮಾತು ಸುಳ್ಳಲ್ಲ, ಆದರೆ ಅದು ಉಳಿದದ್ದರ ಮಾತು, ಹೋದದ್ದರ ಮಾತಲ್ಲ. ನಮ್ಮ ಕೆಂಪುಗೋಡು ಮಣ್ಣಿಗೆ ಬೇಕಾಗಿರುವುದು ಮುಖ್ಯವಾಗಿ ಸಾವಯವ ಪದಾರ್ಥ, ಅದಂತೂ ಪೂರ್ತಿ ಸುಟ್ಟುಹೋಗಿರುತ್ತದೆ.

ಇದು ಗೊಬ್ಬರದ ಲೆಕ್ಕ. ಇನ್ನೊಂದು ಲೆಕ್ಕವನ್ನು ನಾನು ಕಲಿತದ್ದು ನನ್ನ ತಪ್ಪಿನಿಂದಲೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಾಡಿಗೆ ಮನೆಯ ಹಿಂದೆ ಮಾವಿನೆಲೆಯ ರಾಶಿ ಹದಿನೈದು ದಿನ ಹಾಗೇ ಬಿದ್ದಿತ್ತು. ಒಂದು ಭಾನುವಾರ ಬೆಳಿಗ್ಗೆ ಬೆಂಕಿ ಇಟ್ಟೆ. ಮಧ್ಯಾಹ್ನ ಬೂದಿ ಎಳೆಯುವಾಗ ನಾಲ್ಕು ಕಪ್ಪೆ, ಒಂದು ಹಾವುರಾಣಿ ಕರಕಾಗಿ ಸಿಕ್ಕವು. ಬಿಸಿಲೇರುತ್ತಿದ್ದ ಆ ದಿನಗಳಲ್ಲಿ ಹಿತ್ತಲಿನಲ್ಲಿ ತಂಪಾಗಿದ್ದ ಜಾಗ ಆ ರಾಶಿಯೊಂದೇ. ಕೃಷಿಯಲ್ಲಿ ಡಾಕ್ಟರೇಟು ಪಡೆದು ಬಂದವನಿಗೆ ಇಷ್ಟು ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ನೆಲಗಪ್ಪೆ ರಾತ್ರಿಯಿಡೀ ಇರುವೆ, ಗೆದ್ದಲು, ದುಂಬಿ, ಹುಳುಗಳನ್ನು ಹಿಡಿದು ತಿನ್ನುವ ಪ್ರಾಣಿ. ಅದನ್ನು ಸುಟ್ಟು, ಆಮೇಲೆ ಅಂಗಡಿಗೆ ಹೋಗಿ ಹುಳದ ಔಷಧಿ ತರುವುದು ಯಾವ ಲೆಕ್ಕ?

ಆದುದರಿಂದ ದರಗಿಗೆ ಒಂದು ಬಿದಿರಿನ ಬಳೆ ಮಾಡಿಕೊಳ್ಳಿ. ಬಿದಿರಿನ ಸೀಳುಗಳನ್ನು ಬುಟ್ಟಿಯಂತೆ ಬಿಡಿಬಿಡಿಯಾಗಿ ಹೆಣೆದು, ಮೂರು ಅಡಿ ಅಡ್ಡಗಲ, ಮೂರು ಅಡಿ ಎತ್ತರದ, ತಳವಿಲ್ಲದ ಬಳೆ ಮಾಡಿದರೆ ಸಾಕು. ಹೆಣೆಯಲು ಬಾರದವರು ತಂತಿಬಲೆಯನ್ನು ಸುತ್ತಿ ಕಟ್ಟಬಹುದು. ಮರದ ನೆರಳಿನಲ್ಲಿ, ಮನೆಯ ಗೋಡೆಯಿಂದ ಹತ್ತು ಅಡಿಯಾದರೂ ದೂರದಲ್ಲಿ ನೆಲದ ಮೇಲೆಯೇ ಇರಿಸಿ. ಅರ್ಧ ಅಡಿ ಎಲೆ, ಅದರ ಮೇಲೆ ಅಡಿಗೆಮನೆಯ ಸಿಪ್ಪೆ ಅಥವಾ ಹಸಿ ಸೊಪ್ಪು, ಅದರ ಮೇಲೆ ಸಗಣಿ ಬಗ್ಗಡ, ಒಂದು ಹಿಡಿ ಹಳೆಯ ಗೊಬ್ಬರ ಅಥವಾ ಮಣ್ಣು. ಹೀಗೆ ಪದರ ಪದರವಾಗಿ ತುಂಬುತ್ತ ಹೋಗಿ. ಬಗ್ಗಡಕ್ಕೆ 10 ಕಿ.ಗ್ರಾಂ ಸಗಣಿಗೆ 20ರಿಂದ 25 ಲೀಟರ್ ನೀರು ಸಾಕು. ಬರಿಯ ಒಣ ಎಲೆಯಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಹಸಿ ಪದಾರ್ಥವಿಲ್ಲದಿದ್ದರೆ ಎಲೆ ವರ್ಷವಾದರೂ ಎಲೆಯಾಗಿಯೇ ಇರುತ್ತದೆ. ತೇವದ ಹದ ತಿಳಿಯಲು ಒಂದು ಹಿಡಿ ತೆಗೆದು ಹಿಂಡಿ ನೋಡಿ: ಅಂಗೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಕೂಡದು. ತಿಂಗಳಿಗೊಮ್ಮೆ ಬಳೆಯನ್ನು ಎತ್ತಿ ಪಕ್ಕಕ್ಕಿಟ್ಟು ರಾಶಿಯನ್ನು ಮಗುಚಿ ಮತ್ತೆ ತುಂಬಬೇಕು. ಫಾಲ್ಗುಣದಲ್ಲಿ ಹಾಕಿದ್ದು ಮೃಗಶಿರ ಮಳೆಯ ಹೊತ್ತಿಗೆ ಕಪ್ಪಾಗಿ ಪುಡಿಯಾಗಿರುತ್ತದೆ. ತೇಗದೆಲೆ ಮತ್ತು ಅಡಿಕೆ ಸಿಪ್ಪೆ ನಿಧಾನವಾಗಿ ಕೊಳೆಯುವುದರಿಂದ ಅವಕ್ಕೆ ಬೇರೆ ಬಳೆ ಮಾಡುವುದು ಲೇಸು. ಕಾಮನ ಹುಣ್ಣಿಮೆಗೆ ಬೀದಿಯ ಹುಡುಗರು ನಿಮ್ಮ ಬಳೆಯನ್ನೇ ಹೊತ್ತೊಯ್ಯದಂತೆ ನೋಡಿಕೊಳ್ಳುವುದು ನಿಮಗೆ ಬಿಟ್ಟದ್ದು.

ಉಳಿದ ದರಗನ್ನು ಮಲ್ಲಿಗೆ, ನಿಂಬೆ, ತೆಂಗು, ಅಡಿಕೆಗಳ ಪಾತಿಗೆ ಮೂರು ನಾಲ್ಕು ಅಂಗುಲ ದಪ್ಪಕ್ಕೆ ಹಾಸಿ. ಕಾಂಡಕ್ಕೆ ತಾಗಿಸಬೇಡಿ, ಒಂದು ಗೇಣು ಬಿಟ್ಟು ಹಾಸಿದರೆ ಗೆದ್ದಲು ಹತ್ತುವ ಭಯ ಕಡಿಮೆ.

ಇಲ್ಲಿ ಒಂದು ಎಚ್ಚರಿಕೆ. ನಿಮ್ಮ ಹಿತ್ತಲಿನ ದರಗು ಬೇರೆ, ಕಾಡಿನ ದರಗು ಬೇರೆ. ಊರಂಚಿನಲ್ಲಿರುವವರು, ಕೊಟ್ಟಿಗೆ ಇರುವವರು ಬೇಸಗೆಯಲ್ಲಿ ಕಾಡಿನಿಂದ ದರಗು ತರುವ ವಾಡಿಕೆಯಿದೆ. ಮಂಗನ ಕಾಯಿಲೆ ಮೊದಲು ಗುರುತಾದದ್ದು ನಮ್ಮ ಜಿಲ್ಲೆಯಲ್ಲಿಯೇ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗಿನ ಮರಿಗಳು ಚುರುಕಾಗಿರುವುದು ಒಣ ತಿಂಗಳುಗಳಲ್ಲಿ, ಅಂದರೆ ದರಗು ತರುವ ಕಾಲದಲ್ಲಿಯೇ. ಕಾಯಿಲೆ ಕಾಣಿಸಿಕೊಂಡ ಪ್ರದೇಶಗಳ ಕಾಡಿನಿಂದ ಈ ತಿಂಗಳುಗಳಲ್ಲಿ ದರಗು ತರಬೇಡಿ. ಹೋಗಲೇಬೇಕಾದರೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಸವರಿಕೊಂಡು, ಮೈ ಮುಚ್ಚುವ ಬಟ್ಟೆ ತೊಟ್ಟು ಹೋಗಿ. ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಹಿತ್ತಲಲ್ಲಿ ಅಥವಾ ತೋಟದಲ್ಲಿ ಸತ್ತ ಮಂಗ ಕಂಡರೆ ಮುಟ್ಟದೆ, ಹೂಳದೆ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಬದುಕಿರುವ ಮಂಗಗಳಿಗೆ ಬಾಳೆಹಣ್ಣು ಕೊಟ್ಟು ಅಭ್ಯಾಸ ಮಾಡಿಸುವುದೂ ಬೇಡ; ಅದರ ಫಲವನ್ನು ಇಡೀ ಬೀದಿ ಅನುಭವಿಸಬೇಕಾಗುತ್ತದೆ.

ಸವರುವ ಮೊದಲು ನೋಡಿ

ಬೇಲಿ ಸವರುವುದು, ಒಣರೆಂಬೆ ಕಡಿಯುವುದು ಯುಗಾದಿಗೆ ಮುಂಚೆ ಆಗಬೇಕೆಂಬ ಹಟ ಬಹಳ ಮನೆಗಳಲ್ಲಿದೆ. ದಾಸವಾಳ, ಗೋರಂಟಿ, ನಂದಿಬಟ್ಟಲು, ಕೇಪಳದ ಬೇಲಿಯಲ್ಲಿ ಮಾರ್ಚಿಯಿಂದ ಮುಂದಕ್ಕೆ ಪಿಕಳಾರ, ದರ್ಜಿ ಹಕ್ಕಿ, ಸೂರಕ್ಕಿಗಳ ಗೂಡು ಇರುವ ಸಂಭವ ಹೆಚ್ಚು. ಕತ್ತರಿ ಹಾಕುವ ಮೊದಲು ಎರಡು ದಿನ ಬೆಳಿಗ್ಗೆ ಹದಿನೈದು ನಿಮಿಷ ದೂರ ನಿಂತು ನೋಡಿ. ಹಕ್ಕಿ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಾಯಲ್ಲಿ ಏನನ್ನೋ ಹಿಡಿದು ಹೋಗುತ್ತಿದ್ದರೆ ಅಲ್ಲಿ ಗೂಡಿದೆ. ಪಿಕಳಾರದ ಮೊಟ್ಟೆ ಒಡೆಯಲು ಸುಮಾರು 12 ದಿನ, ಮರಿ ಹಾರಲು ಹೆಚ್ಚುಕಡಿಮೆ ಅಷ್ಟೇ ದಿನ. 25 ದಿನ ನಿಮ್ಮ ಕತ್ತರಿ ಕಾದರೆ ಏನೂ ಕೆಡುವುದಿಲ್ಲ. ಮುಂದಿನ ವರ್ಷಗಳಲ್ಲಿ ಜನವರಿ ಕೊನೆಯೊಳಗೆ ಸವರಿ ಮುಗಿಸಿದರೆ ಈ ತಾಪತ್ರಯವೇ ಇಲ್ಲ.

ನುಗ್ಗೆಯ ಒಣಗಿದ ದಪ್ಪ ರೆಂಬೆ, ಮನೆಗಾಗಲಿ ದಾರಿಗಾಗಲಿ ಅಪಾಯವಿಲ್ಲದ ಕಡೆ ಇದ್ದರೆ, ಹಾಗೇ ಬಿಡಿ. ಕುಟ್ರುಹಕ್ಕಿ ಕೊರೆಯುವುದು ಇಂಥ ಮೆದು ಮರವನ್ನೇ. ಅದು ಕೊರೆದು ಬಿಟ್ಟ ಪೊಟರೆಯಲ್ಲಿ ಮರುವರ್ಷ ಬೇರೆ ಹಕ್ಕಿ ಸಂಸಾರ ಮಾಡುತ್ತದೆ.

ಮಾವಿನ ಮರದಲ್ಲಿ ಚಗಳಿ ಕೊಟ್ಟೆಗಳಿದ್ದರೆ ಕೊಯ್ಲಿನ ದಿನದ ಕಡಿತ ನೆನೆಸಿಕೊಂಡು ಅವನ್ನೆಲ್ಲ ಸುಡುವವರಿದ್ದಾರೆ. ಚಗಳಿ ಮಾವಿನ ಎಷ್ಟೋ ಹುಳುಗಳನ್ನು ಹೊತ್ತೊಯ್ದು ತಿನ್ನುತ್ತದೆ. ಮಲೆನಾಡಿನಲ್ಲಿ ಅದರದೇ ಚಟ್ನಿ ಮಾಡುವವರಿಗೆ ಅದರ ಬೆಲೆ ಗೊತ್ತು. ಕರಿಬೇವು, ನಿಂಬೆಗಳ ಎಲೆ ತಿನ್ನುವ ಹಸಿರು ಹುಳು ನಿಂಬೆ ಚಿಟ್ಟೆಯ ಮರಿ. ಗಿಡ ಆಳೆತ್ತರ ಬೆಳೆದಿದ್ದರೆ ಐದಾರು ಹುಳುವಿಗೆ ಹೆದರಬೇಕಿಲ್ಲ. ಎಳೆ ಸಸಿಯಾದರೆ ಹುಳುವನ್ನು ಎತ್ತಿ ದೊಡ್ಡ ಗಿಡಕ್ಕೆ ಬಿಡಿ. ನಮ್ಮ ರಾಜ್ಯದ ಚಿಟ್ಟೆಯಾದ ದೊಡ್ಡ ಹಳದಿ-ಕಪ್ಪು ಸದರ್ನ್ ಬರ್ಡ್‌ವಿಂಗ್ ಮೊಟ್ಟೆಯಿಡುವುದು ಈಶ್ವರಿ ಬಳ್ಳಿಯ ಜಾತಿಯ ಗಿಡಗಳ ಮೇಲೆ ಮಾತ್ರ. ಬೇಲಿಗೊಂದು ಈಶ್ವರಿ ಬಳ್ಳಿ ಹಬ್ಬಿಸಿ ನೋಡಿ.

ನಾಲ್ಕೂವರೆ ಅಡಿ ಹಲಗೆಯಲ್ಲಿ ಗುಬ್ಬಿಗೂಡು

ಹಂಚಿನ ಮನೆ ಹೋಗಿ ತಾರಸಿ ಮನೆ ಬಂದ ಮೇಲೆ ಗುಬ್ಬಿಗೆ ಸೂರಿನ ಸಂದು ಸಿಕ್ಕುವುದಿಲ್ಲ. 2010ರಿಂದ ಮಾರ್ಚ್ 20ನ್ನು ವಿಶ್ವ ಗುಬ್ಬಚ್ಚಿ ದಿನವೆಂದು ಆಚರಿಸುತ್ತಾರೆ. ಅಂದು ಹಂಚುವ ಗೂಡುಗಳಲ್ಲಿ ಎಷ್ಟೋ ಖಾಲಿ ಉಳಿಯುವುದನ್ನು ಕಂಡಿದ್ದೇನೆ. ಕಾರಣ, ಅವು ನೋಡಲು ಚಂದ, ವಾಸಕ್ಕಲ್ಲ.

ನನ್ನ ಮೊದಲ ಗೂಡೂ ಹಾಗೆಯೇ ಆಯಿತು. ಎಣ್ಣೆಯ ಡಬ್ಬಿಗೆ ತೂತು ಕೊರೆದು ಬಣ್ಣ ಬಳಿದು ಪಶ್ಚಿಮದ ಗೋಡೆಗೆ ಕಟ್ಟಿದ್ದೆ. ಗುಬ್ಬಿ ಬಂದೂ ಬಂತು, ಮೊಟ್ಟೆಯೂ ಇಟ್ಟಿತು. ಏಪ್ರಿಲಿನ ಮೂರನೆಯ ವಾರ ಮರಿಗಳ ದನಿ ನಿಂತಿತು. ತೆಗೆದು ನೋಡಿದರೆ ಮೂರು ಮರಿಗಳೂ ಬೆಂದಂತೆ ಸತ್ತಿದ್ದವು. ಮಧ್ಯಾಹ್ನ ಎರಡು ಗಂಟೆಯಲ್ಲಿ ಆ ಡಬ್ಬಿಯನ್ನು ಕೈಯಲ್ಲಿ ಹಿಡಿಯಲಾಗುತ್ತಿರಲಿಲ್ಲ. ಗೂಡು ಖಾಲಿ ಉಳಿದಿದ್ದರೆ ಒಳ್ಳೆಯದಿತ್ತು. ತಗಡಿನ ಡಬ್ಬಿ, ಪ್ಲಾಸ್ಟಿಕ್ ಡಬ್ಬಿಗಳ ಗೂಡನ್ನು ನಮ್ಮ ಸೀಮೆಯ ಬೇಸಗೆಯಲ್ಲಿ ಖಂಡಿತ ಮಾಡಕೂಡದು.

ಮುಕ್ಕಾಲು ಅಂಗುಲ ದಪ್ಪ, ಆರು ಅಂಗುಲ ಅಗಲ, ನಾಲ್ಕೂವರೆ ಅಡಿ ಉದ್ದದ ಒಂದು ಹಲಗೆ ಸಾಕು. ಪ್ಯಾಕಿಂಗ್ ಪೆಟ್ಟಿಗೆಯ ಮರವಾದರೂ ಆದೀತು. ಅದರಲ್ಲಿ 9 ಅಂಗುಲದ ನಾಲ್ಕು ತುಂಡು (ಮುಂಭಾಗ, ಎರಡು ಪಕ್ಕ, ಮುಚ್ಚಳ), 12 ಅಂಗುಲದ ಒಂದು ತುಂಡು (ಹಿಂಭಾಗ), ನಾಲ್ಕೂವರೆ ಅಂಗುಲದ ಒಂದು ತುಂಡು (ತಳ) ಕೊಯ್ದುಕೊಳ್ಳಿ. ಪಕ್ಕದ ಎರಡು ತುಂಡುಗಳನ್ನು ಮುಂಭಾಗ ಹಿಂಭಾಗಗಳ ನಡುವೆ ನಿಲ್ಲಿಸಿ ಮೊಳೆ ಹೊಡೆದರೆ ಒಳಗೆ ನಾಲ್ಕೂವರೆ ಅಂಗುಲ ಅಗಲ, ಆರು ಅಂಗುಲ ಆಳದ ಜಾಗ ಉಳಿಯುತ್ತದೆ. ತಳದ ತುಂಡು ಅಲ್ಲಿಗೆ ಸರಿಯಾಗಿ ಕೂಡುತ್ತದೆ. ಹಿಂಭಾಗದ ಹಲಗೆ ಮೇಲೆ ಕೆಳಗೆ ಒಂದೂವರೆ ಅಂಗುಲ ಚಾಚಿಕೊಂಡಿರಲಿ, ಗೋಡೆಗೆ ಮೊಳೆ ಹೊಡೆಯಲು ಬೇಕು. ಮುಚ್ಚಳವನ್ನು ಸೈಕಲ್ ಟ್ಯೂಬಿನ ಪಟ್ಟಿಯಿಂದ ಹಿಂಭಾಗಕ್ಕೆ ಜೋಡಿಸಿದರೆ ತೆರೆಯಬಹುದು, ಸಂದಿನಿಂದ ನೀರೂ ಇಳಿಯದು. ಮುಂದೆ ಅದು ಎರಡು ಅಂಗುಲ ಚಾಚಿ ತೂತಿಗೆ ನೆರಳಾಗುತ್ತದೆ.

ತೂತು ಒಂದೂಕಾಲು ಅಂಗುಲ, ಅಂದರೆ 32 ಮಿ.ಮೀ. ಅಡ್ಡಗಲದ್ದಾಗಿರಲಿ; ತಳದಿಂದ ಆರು ಅಂಗುಲ ಮೇಲಿರಲಿ. ಇದಕ್ಕಿಂತ ಬಹಳ ದೊಡ್ಡದಾದರೆ ಗೊರವಂಕ ಬಂದು ಗುಬ್ಬಿಯನ್ನು ಓಡಿಸುತ್ತದೆ. ತೂತಿನ ಕೆಳಗೆ ಕೂರಲು ಕಡ್ಡಿ ಸಿಕ್ಕಿಸುವುದು ಎಲ್ಲರೂ ಮಾಡುವ ತಪ್ಪು. ಗುಬ್ಬಿಗೆ ಅದು ಬೇಡ. ಕಾಗೆಗೆ, ಅಳಿಲಿಗೆ ಅದು ಅನುಕೂಲ. ತಳಕ್ಕೆ ಕಾಲಂಗುಲದ ನಾಲ್ಕು ತೂತು ಕೊರೆಯಿರಿ. ಒಳಗೆ ಬಣ್ಣ, ವಾರ್ನಿಷ್ ಏನೂ ಬೇಡ. ಸಾಗರ, ಸೊರಬದ ಗುಡಿಗಾರರ ಕೈಚಳಕ ಇದಕ್ಕೆ ಬೇಕಿಲ್ಲ; ಗರಗಸ ಹಿಡಿದ ಹೈಸ್ಕೂಲು ಹುಡುಗ ಅಥವಾ ಹುಡುಗಿ ಒಂದು ಮಧ್ಯಾಹ್ನದಲ್ಲಿ ಮಾಡಬಲ್ಲ ಕೆಲಸ.

ಕಟ್ಟುವ ಜಾಗವೇ ಮುಖ್ಯ. ನೆಲದಿಂದ 8ರಿಂದ 10 ಅಡಿ ಎತ್ತರ, ಉತ್ತರ ಅಥವಾ ಪೂರ್ವದ ಗೋಡೆ, ಮೇಲೆ ಸಜ್ಜೆಯ ನೆರಳು, ಬೆಕ್ಕು ಹಾರದ ಹಾಗೆ ಹತ್ತಿರದಲ್ಲಿ ಮೆಟ್ಟಿಲು ಇಲ್ಲದಿರುವುದು. ಗುಬ್ಬಿ ಗುಂಪಿನ ಹಕ್ಕಿ. ಒಂದಕ್ಕಿಂತ ಮೂರು ಗೂಡುಗಳನ್ನು ಮೂರು ನಾಲ್ಕು ಅಡಿ ಅಂತರದಲ್ಲಿ ಕಟ್ಟಿದರೆ ಬರುವ ಸಂಭವ ಹೆಚ್ಚು. ಮೊದಲ ವರ್ಷ ಬಾರದಿದ್ದರೆ ಕಿತ್ತೆಸೆಯಬೇಡಿ. ಮೊಟ್ಟೆ ಇಟ್ಟ ಮೇಲೆ ಸುಮಾರು ಎರಡು ವಾರ ಕಾವು, ಮತ್ತೆ ಎರಡು ವಾರ ಮರಿ. ಈ ನಾಲ್ಕು ವಾರ ಮುಚ್ಚಳ ತೆಗೆದು ಮಕ್ಕಳಿಗೆ ತೋರಿಸುವ ಆಸೆಯನ್ನು ತಡೆದುಕೊಳ್ಳಿ.

ಇನ್ನೊಂದು ಮಾತು. ಗುಬ್ಬಿ ಕಾಳು ತಿನ್ನುವ ಹಕ್ಕಿಯೆಂದು ನಾವೆಲ್ಲ ತಿಳಿದಿದ್ದೇವೆ. ಆದರೆ ಮರಿಗಳಿಗೆ ಮೊದಲ ದಿನಗಳಲ್ಲಿ ಅದು ತಿನ್ನಿಸುವುದು ಮೆತ್ತನೆಯ ಹುಳುಗಳನ್ನು. ಅಂಗಳದಲ್ಲಿ ನುಚ್ಚು ಚೆಲ್ಲಿ, ಬೇಲಿಗೆ ಕೀಟನಾಶಕ ಹೊಡೆದರೆ ಗೂಡಿನಲ್ಲಿ ಮರಿ ಉಳಿಯದು. ದಾಸವಾಳಕ್ಕೆ ಬೇಸಗೆಯಲ್ಲಿ ಹತ್ತುವ ಹಿಟ್ಟು ತಿಗಣೆಗೆ ನೀರನ್ನು ರಭಸವಾಗಿ ಹೊಡೆದು ತೊಳೆಯಿರಿ. ಸಾಲದಿದ್ದರೆ ಬೇವಿನ ಸಾಬೂನನ್ನು ಲೀಟರಿಗೆ 5 ಗ್ರಾಂನಂತೆ ಕರಗಿಸಿ ಸಂಜೆ ಸಿಂಪಡಿಸಿ.

ಮಡಿವಾಳ ಹಕ್ಕಿಗೂ ಇದೇ ಪೆಟ್ಟಿಗೆ ಆಗುತ್ತದೆ, ತೂತನ್ನು ಎರಡೂವರೆ ಅಂಗುಲ ಮಾಡಬೇಕಷ್ಟೆ. ಆದರೆ ಅದು ಒಂಟಿ ದಂಪತಿ. ಒಂದು ಹಿತ್ತಲಿಗೆ ಒಂದೇ ಸಾಕು. ಮಂಡಗದ್ದೆಯ ಬೆಳ್ಳಕ್ಕಿಗಳು ತುಂಗೆಯ ನಡುಗಡ್ಡೆಯ ಮರಗಳಲ್ಲಿ ಗೂಡು ಕಟ್ಟುವುದು ಮಳೆಗಾಲದಲ್ಲಿ. ಹಿತ್ತಲಿನ ಹಕ್ಕಿಗಳಿಗೆ ಅಷ್ಟು ತಾಳ್ಮೆಯಿಲ್ಲ. ಆದ್ದರಿಂದ ಗೂಡನ್ನು ಫೆಬ್ರವರಿಯೊಳಗೆ ಕಟ್ಟಿ.

ನೀರಿನ ಬೋಗುಣಿ: ಯಾರು ಸರಿ?

ಈಗ ಭದ್ರಾವತಿಯ ಆ ತಾಯಿಯ ಪ್ರಶ್ನೆ. ಇಬ್ಬರೂ ಸರಿ ಇರಬಹುದು. ಡೆಂಗಿ, ಚಿಕೂನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆ ಚರಂಡಿಯ ಕೊಳಚೆಗಿಂತ ನಿಂತ ತಿಳಿನೀರನ್ನೇ ಬಯಸುತ್ತದೆ, ಹಗಲು ಕಚ್ಚುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಬೇಸಗೆಯಲ್ಲಿ ಏಳರಿಂದ ಹತ್ತು ದಿನ ಸಾಕು. ಆದ್ದರಿಂದ ವಾರಗಟ್ಟಲೆ ಹಾಗೇ ಇಟ್ಟ ಬೋಗುಣಿ ಸೊಳ್ಳೆಯ ತೊಟ್ಟಿಲೇ ಸರಿ.

ಆದರೆ ನೀರು ಚೆಲ್ಲಿ ಹೊಸ ನೀರು ಹಾಕಿದ ಮಾತ್ರಕ್ಕೆ ತೀರಲಿಲ್ಲ. ಈ ಸೊಳ್ಳೆ ನೀರಿನ ಅಂಚಿಗೆ ಸ್ವಲ್ಪ ಮೇಲೆ, ಪಾತ್ರೆಯ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ಆ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ, ಮತ್ತೆ ನೀರು ಮುಟ್ಟಿದಾಗ ಒಡೆಯುತ್ತದೆ. ಆದುದರಿಂದ ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ, ಒಳಗೋಡೆಯನ್ನು ತೆಂಗಿನ ನಾರಿನಿಂದ ಗಸಗಸ ಉಜ್ಜಿ, ಆಮೇಲೆ ಹೊಸ ನೀರು ತುಂಬಬೇಕು. ಚೆಲ್ಲುವ ನೀರನ್ನು ಒಣನೆಲಕ್ಕೋ ಗಿಡದ ಬುಡಕ್ಕೋ ಚೆಲ್ಲಿ, ಚರಂಡಿಗಲ್ಲ. ಐದು ಕಡೆ ಇಟ್ಟು ಮರೆಯುವುದಕ್ಕಿಂತ ಒಂದು ಕಡೆ ಇಟ್ಟು ಉಜ್ಜುವುದು ಮೇಲು. ಊರಿಗೆ ಹೋಗುವಾಗ ಬೋಗುಣಿಯನ್ನು ಕವುಚಿಟ್ಟು ಹೋಗಿ. ಒಡೆದ ಕರಟ, ಹಳೆಯ ಟೈರು, ಹೂಕುಂಡದ ಕೆಳಗಿನ ತಟ್ಟೆ, ಬಿದ್ದ ಅಡಿಕೆ ಹಾಳೆ ಇವೆಲ್ಲವೂ ಬೋಗುಣಿಗಳೇ. ಏಪ್ರಿಲಿನ ಮೊದಲ ಮಳೆಗೆ ಮುಂಚೆ ಅವನ್ನು ಎತ್ತಿಡಬೇಕು. ಅಡಿಕೆ ತೋಟವಿರುವವರು ಹಾಳೆಗಳ ಬಗ್ಗೆ ಮುಖ್ಯವಾಗಿ ಗಮನ ಕೊಡಿ, ಒಂದೊಂದು ಹಾಳೆಯಲ್ಲೂ ಒಂದು ಚೊಂಬು ನೀರು ನಿಲ್ಲುತ್ತದೆ. ಸಿಮೆಂಟು ತೊಟ್ಟಿಗಳಿಗೆ ಗಪ್ಪಿ ಮೀನು ಬಿಡಬಹುದು. ತೊಟ್ಟಿಯ ಮೀನನ್ನು ಕೆರೆಗೋ ಹಳ್ಳಕ್ಕೋ ಬಿಡಬೇಡಿ, ಅದು ಅಲ್ಲಿಯ ಸ್ಥಳೀಯ ಮೀನಿಗೆ ಕಂಟಕ.

ಬೋಗುಣಿ ಮಣ್ಣಿನದಾಗಿರಲಿ, ಸಂತೆಯಲ್ಲಿ ಸಿಗುವ ಅಗಲ ಬಾಯಿಯ ಬಾನಿ ಒಳ್ಳೆಯದು. ನೀರಿನ ಆಳ ಎರಡು ಅಂಗುಲ ಮೀರದಿರಲಿ. ನಡುವೆ ಒಂದು ಒರಟು ಕಲ್ಲಿಡಿ. ಜೇನುನೊಣ ಮುಳುಗದೆ ಕುಳಿತು ಕುಡಿಯುತ್ತದೆ. ಮೂರು ಅಡಿ ಎತ್ತರದ ಕಂಬದ ಮೇಲೆ, ನೆರಳಿನಲ್ಲಿ, ಪೊದೆಯಿಂದ ಏಳೆಂಟು ಅಡಿ ದೂರ ಇಟ್ಟರೆ ಬೆಕ್ಕು ಹೊಂಚಲು ಆಗದು, ಹಕ್ಕಿ ಹಾರಿ ಪೊದೆ ಸೇರಲು ಆಗುತ್ತದೆ.

ಮಡಕೆ ನೀರಾವರಿ

ಮಣ್ಣಿನ ಪಾತ್ರೆಯ ಮಾತು ಬಂದಿತಾದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಬೇಸಗೆಯಲ್ಲಿ ಹಿತ್ತಲಿನ ಸೌತೆ, ಹೀರೆ, ತೊಂಡೆಗೆ ನೀರು ಸಾಲದವರು ಆರೇಳು ಲೀಟರಿನ, ಬಣ್ಣ ಬಳಿಯದ ಮಡಕೆಯನ್ನು ಕತ್ತಿನವರೆಗೆ ನೆಲದಲ್ಲಿ ಹೂಳಿ ನೀರು ತುಂಬಿ. ನೀರು ಗೋಡೆಯ ಸಣ್ಣ ರಂಧ್ರಗಳಿಂದ ಒಸರಿ ಬೇರಿಗೆ ಮಾತ್ರ ತಲುಪುತ್ತದೆ. ಮೇಲ್ಮಣ್ಣು ಒಣಗಿಯೇ ಇರುವುದರಿಂದ ಕಳೆಯೂ ಕಡಿಮೆ. ಮಡಕೆಯ ಸುತ್ತ ಐದಾರು ಬೀಜ ಊರಿ, ಮೂರು ನಾಲ್ಕು ಗಿಡ ಉಳಿಸಿಕೊಳ್ಳಿ. ಮೂರು ನಾಲ್ಕು ದಿನಕ್ಕೊಮ್ಮೆ ತುಂಬಿದರೆ ಸಾಕು. ಕೊಳ್ಳುವ ಮೊದಲು ಮಡಕೆಗೆ ನೀರು ತುಂಬಿ ರಾತ್ರಿಯಿಟ್ಟು ನೋಡಿ, ಬೆಳಗ್ಗೆ ಹೊರಮೈ ಒದ್ದೆಯಾಗಿರಬೇಕು. ಬಾಯಿಗೆ ಸರಿಯಾಗಿ ಕೂಡುವ ಮುಚ್ಚಳ ಹಾಕುವುದನ್ನು ಮರೆತರೆ ಮತ್ತೆ ಅದೇ ಸೊಳ್ಳೆಯ ಕಥೆ.

ಬಿದಿರಿನ ಅಂಡೆಯಲ್ಲಿ ಮುಜಂಟಿ

ಸೌತೆ, ಹೀರೆ, ಕುಂಬಳಗಳಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಹೂ ತುಂಬ ಬಿಟ್ಟು ಮಿಡಿ ಹಳದಿಯಾಗಿ ಉದುರಿದರೆ ಗೊಬ್ಬರದ ಕೊರತೆಯೆಂದು ಭಾವಿಸುವವರೇ ಹೆಚ್ಚು. ಅನೇಕ ವೇಳೆ ಕೊರತೆಯಿರುವುದು ನೊಣದ್ದು. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಜೇನಿನ ಬಹುಪಾಲು ಸಂಸಾರಗಳು ನಾಶವಾದುದನ್ನು ಮಲೆನಾಡಿನ ಹಿರಿಯ ಜೇನುಗಾರರು ಇನ್ನೂ ಮರೆತಿಲ್ಲ. ಪಟ್ಟಣದ ಹಿತ್ತಲಿಗೆ ತಕ್ಕ ಜೇನು ಮುಜಂಟಿ. ಚುಚ್ಚುವ ಮುಳ್ಳಿಲ್ಲ, ಗೋಡೆಯ ಬಿರುಕಿನಲ್ಲೂ ಮೀಟರ್ ಪೆಟ್ಟಿಗೆಯಲ್ಲೂ ಗೂಡು ಮಾಡುತ್ತದೆ. ಗೋಡೆಯಲ್ಲಿ ಮೇಣದ ಕಪ್ಪು ಕೊಳವೆ ಕಂಡರೆ ಸಿಮೆಂಟು ಮೆತ್ತಬೇಡಿ.

ಗೋಡೆ ಒಡೆಯದೆ ಅದನ್ನು ಅಂಡೆಗೆ ಹಬ್ಬಿಸುವ ಉಪಾಯವಿದೆ. ಮೂರು ನಾಲ್ಕು ಅಂಗುಲ ದಪ್ಪದ ಬಿದಿರಿನ ಒಂದು ಗೆಣ್ಣನ್ನು ಎರಡು ಗಂಟೂ ಉಳಿಯುವಂತೆ ಒಂದೂವರೆ ಅಡಿ ಉದ್ದ ಕೊಯ್ದು, ಉದ್ದಕ್ಕೆ ಎರಡು ಹೋಳು ಮಾಡಿ, ಮತ್ತೆ ಜೋಡಿಸಿ ತಂತಿಯಿಂದ ಬಿಗಿಯಿರಿ. ಎರಡು ಗಂಟಿಗೂ ಅರ್ಧ ಅಂಗುಲದ ತೂತು ಕೊರೆದು, ಒಂದು ತೂತನ್ನು ಗೇಣುದ್ದದ ಕೊಳವೆಯಿಂದ ಗೋಡೆಯ ಬಾಯಿಗೆ ಸೇರಿಸಿ ಸುತ್ತ ಮಣ್ಣು ಮೆತ್ತಿ. ಇನ್ನೊಂದು ತೂತಿಗೆ ಹಳೆಯ ಬಾಯಿಯ ಮೇಣ ಸವರಿ. ನೊಣಗಳು ಅಂಡೆಯ ಮೂಲಕ ಓಡಾಡುತ್ತ ತಿಂಗಳುಗಳಲ್ಲಿ ಒಳಗೆ ತುಪ್ಪ ಕೂಡಿಡುತ್ತವೆ, ಅದೃಷ್ಟವಿದ್ದರೆ ಮೊಟ್ಟೆ-ಮರಿಯನ್ನೂ ಮಾಡುತ್ತವೆ. ಎಲ್ಲ ಸಲವೂ ಫಲಿಸುವುದಿಲ್ಲ. ತುಪ್ಪ ವರ್ಷಕ್ಕೆ ಕೆಲವು ನೂರು ಗ್ರಾಂ ಮಾತ್ರ. ತೆಗೆಯುವುದಾದರೆ ಏಪ್ರಿಲಿನೊಳಗೆ, ಅರ್ಧ ಬಿಟ್ಟು ತೆಗೆಯಿರಿ. ಜೂನಿನಿಂದ ನಾಲ್ಕು ತಿಂಗಳ ಮಳೆಯಲ್ಲಿ ಅವು ಅದನ್ನೇ ತಿಂದು ಬದುಕಬೇಕು.

ಬದನೆ ಹೂವಿನ ಪರಾಗ ಉದುರಲು ಗುಂಯ್‌ಗುಡುವ ದುಂಬಿ ಬೇಕು, ತುಡುವೆ ಜೇನಿಗೆ ಆ ವಿದ್ಯೆ ಬಾರದು. ಒಣ ಬಿದಿರಿನ ತುಂಡುಗಳನ್ನು ಸೂರಿನಡಿ ಕಟ್ಟಿಟ್ಟರೆ ದೊಡ್ಡ ಕಪ್ಪು ದುಂಬಿ ಅದನ್ನು ಕೊರೆದು ನೆಲಸುತ್ತದೆ.

ಹಾವು ಬಂದರೆ?

ದರಗಿನ ರಾಶಿ, ಕಪ್ಪೆ, ನೀರು ಇವೆಲ್ಲ ಇದ್ದರೆ ಹಾವು ಬರುವುದಿಲ್ಲವೆ? ಬರಬಹುದು. ಇದನ್ನು ಮುಚ್ಚಿಟ್ಟು ಸಲಹೆ ಕೊಡುವುದು ಸರಿಯಲ್ಲ. ಹಿತ್ತಲಲ್ಲಿ ಹೆಚ್ಚಾಗಿ ಕಾಣುವುದು ಕೇರೆ. ಉದ್ದ ಮೈ, ದೊಡ್ಡ ಕಣ್ಣು, ತುಟಿಯಂಚಿನಲ್ಲಿ ಕಪ್ಪು ಗೀರುಗಳು, ಹೆಡೆಯಿಲ್ಲ, ವಿಷವೂ ಇಲ್ಲ. ಭದ್ರಾ ನಾಲೆಯ ಬಯಲಿನಲ್ಲಿ ಭತ್ತ ಬೆಳೆಯುವವರಿಗೆ ಇದಕ್ಕಿಂತ ಒಳ್ಳೆಯ ಇಲಿ ಬೇಟೆಗಾರ ಬೇಕೆ? ಇನ್ನೊಬ್ಬ ಬೇಟೆಗಾರ ಕಣಜ ಗೂಬೆ. ಬ್ರೊಮಾಡಯೋಲೋನ್ ತಿಂದ ಇಲಿ ಕೂಡಲೇ ಸಾಯದೆ ಕೆಲವು ದಿನ ತೂಕಡಿಸುತ್ತ ಓಡಾಡುತ್ತದೆ. ಅದನ್ನು ಹಿಡಿದು ತಿಂದ ಗೂಬೆಗೂ ವಿಷವೇರುತ್ತದೆ. ಮನೆಯ ಹತ್ತಿರ ಬೋನು ಬಳಸಿ.

ವಿಷದ ಹಾವುಗಳಲ್ಲಿ ನಾಗರ, ಕೊಳಕುಮಂಡಲ, ಕಟ್ಟು ಹಾವುಗಳನ್ನು ಮನೆಯವರೆಲ್ಲ ಗುರುತಿಸಲು ಕಲಿಯಬೇಕು. ಕೊಳಕುಮಂಡಲ ದಪ್ಪ ಮೈಯದು, ಬೆನ್ನ ಮೇಲೆ ಸರಪಳಿಯಂಥ ಮೂರು ಸಾಲು ಮಚ್ಚೆ. ದರಗಿನ ಮೇಲೆ ಬಿದ್ದುಕೊಂಡರೆ ಕಾಣುವುದೇ ಇಲ್ಲ. ಆದ್ದರಿಂದಲೇ ದರಗು ಅಂಗಳದ ತುಂಬ ಹರಡಿರಕೂಡದು, ಬಳೆಯೊಳಗಿರಬೇಕು. ಬಾಗಿಲಿನಿಂದ ಬಚ್ಚಲಿಗೆ, ಕೊಟ್ಟಿಗೆಗೆ ಹೋಗು-ಬರುವ ದಾರಿ ಮೂರು ಅಡಿ ಅಗಲ ಬೋಳಾಗಿರಲಿ. ಸೌದೆಯನ್ನು ಗೋಡೆಗೆ ಒರಗಿಸದೆ, ಒಂದಡಿ ಎತ್ತರದ ಕಲ್ಲು ಕಂಬಗಳ ಮೇಲೆ ಒಟ್ಟಿ. ರಾಶಿ ಮಗುಚುವಾಗ ಕೈಹಾಕದೆ ಉದ್ದ ಹಿಡಿಯ ಸಲಕರಣೆ ಬಳಸಿ. ಕೆಲವು ಹಾವುಗಳು ಬೆಚ್ಚನೆಯ ಗೊಬ್ಬರದಲ್ಲಿ ಮೊಟ್ಟೆ ಇಡುತ್ತವೆ. ರಾತ್ರಿ ಬ್ಯಾಟರಿ ಇಲ್ಲದೆ ಹಿತ್ತಲಿಗೆ ಇಳಿಯಬೇಡಿ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಕೈ ಅಥವಾ ಕಾಲು ಅಲ್ಲಾಡದಂತೆ ಪಟ್ಟಿಯಿಟ್ಟು, ನಡೆಸದೆ, ನೇರ ಸರ್ಕಾರಿ ಆಸ್ಪತ್ರೆಗೆ ಒಯ್ಯಿರಿ. ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆಯಿದೆ. ಹಾವನ್ನು ಕೊಂದು ಜೊತೆಗೆ ತರಬೇಕಿಲ್ಲ. ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧವೂ ಹೌದು.

ಅಶ್ವಿನಿ, ಭರಣಿ ಮಳೆಯ ಹೊತ್ತಿಗೆ

ಏಪ್ರಿಲ್ ನಡುವಿನಿಂದ ಅಡ್ಡಮಳೆ ಬೀಳುತ್ತದೆ. ಅದಕ್ಕೆ ಮುಂಚೆ ನಿಂಬೆ, ಸೀಬೆ, ಕರಿಬೇವಿಗೆ ಎರಡು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಮೇಲ್ಮಣ್ಣು, ಕೆಳಮಣ್ಣು ಬೇರೆ ಬೇರೆ ಹಾಕಿ ಬಿಸಿಲಿಗೆ ಬಿಡಿ. ಮಳೆಗೆ ಗುಂಡಿಯಲ್ಲಿ ನೀರು ನಿಂತರೆ ಸೊಳ್ಳೆಯಾಗುವ ಮೊದಲೇ ಮೇಲ್ಮಣ್ಣನ್ನು ಬಳೆಯ ಗೊಬ್ಬರದೊಡನೆ ಬೆರಸಿ ತುಂಬಿಬಿಡಿ, ಸಸಿಯನ್ನು ಜೂನಿನಲ್ಲಿ ನೆಡಿ. ಬಳೆಯ ಗೊಬ್ಬರ ಇನ್ನೂ ಪೂರ್ತಿ ಕಳಿತಿಲ್ಲದಿದ್ದರೆ ಗುಂಡಿಯ ತಳಕ್ಕೆ ಹಾಕಿ, ಬೇರಿಗೆ ತಾಗಿಸಬೇಡಿ. ಮೊದಲ ದೊಡ್ಡ ಮಳೆಯ ರಾತ್ರಿ ಕಪ್ಪೆಗಳು ಕೂಗಿದರೆ ಮರುದಿನ ಹೊಂಡದ ನೀರನ್ನು ನೋಡಿ: ಗೊದಮೊಟ್ಟೆಯ ದಾರಗಳಿದ್ದರೆ ಆ ಒಂದು ಹೊಂಡವನ್ನು ತುಂಬದೆ ಬಿಡಬಹುದು, ಮಿಕ್ಕವನ್ನು ತುಂಬಿ. ಬಿಟ್ಟ ಹೊಂಡದಲ್ಲಿ ಸೊಳ್ಳೆಮರಿ ಕಂಡರೆ ತೊಟ್ಟಿಯ ಗಪ್ಪಿಯನ್ನು ತಂದು ಹಾಕದೆ, ಚಹಾ ಸೋಸುವ ಜಾಲರಿಯಲ್ಲಿ ದಿನಬಿಟ್ಟು ದಿನ ಎತ್ತಿ ಒಣನೆಲಕ್ಕೆ ಬಡಿಯಿರಿ. ನಮ್ಮ ಮನೆಯಲ್ಲಿ ಈ ಕೆಲಸ ಮಕ್ಕಳದು, ಜಾಲರಿ ಮಾತ್ರ ಬೇರೆಯದು.